ಹಿಮದಲ್ಲಿ ಒಣಗಿದ ಮದ್ದು

ಬೇಸಗೆ ಬಂದಿತೆಂದರೆ ನಮ್ಮ ಗೃಹಿಣಿಯರು ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಗಳನ್ನು ಹರವುವರು. ನೀರಿನ ಪಸೆಯಿರುವವರೆಗೆ ಪದಾರ್ಥವು ಕೆಡುವುದು, ಪಸೆಯಾರಿದರೆ ವರ್ಷವಿಡೀ ಬಾಳುವುದು ಎಂಬ ತತ್ತ್ವವನ್ನು ಅವರಿಗೆ ಯಾವ ಶಾಸ್ತ್ರಜ್ಞನೂ ಕಲಿಸಬೇಕಾದುದಿಲ್ಲ. ಆದರೆ ಒಣಗಿಸಬೇಕಾದ ಪದಾರ್ಥದಲ್ಲಿ ಜೀವವೇ ಇದ್ದರೆ ಮಾಡುವುದೇನು? ದಡಾರದ ಲಸಿಕೆಯಲ್ಲಿರುವುದು ಶಕ್ತಿಗುಂದಿಸಿದ, ಆದರೂ ಸಜೀವವಾದ ವೈರಾಣು. ಬಿಸಿಲಿಗಿಟ್ಟರೆ ಅದು ನಾಶವಾಗುವುದು. ನೀರಿನಲ್ಲಿಯೇ ಬಿಟ್ಟರೆ ಬೇಗನೆ ಸತ್ತ್ವಗುಂದುವುದು.

ಈ ತೊಡಕನ್ನು ಬಿಡಿಸುವ ಉಪಾಯದ ಸುಳಿವನ್ನು ವಾಚಕರು ತಮ್ಮ ದೇವರ ಮನೆಯಲ್ಲಿಯೇ ಕಾಣಬಹುದು. ತೆರೆದಿಟ್ಟ ಕರ್ಪೂರವು ಕರಗಿ ನೀರಾಗದೆ, ಸವೆದು ಸವೆದು ಗಾಳಿಯಲ್ಲಿ ಬೆರೆತುಹೋಗುವುದಷ್ಟೆ? ಮಂಜುಗಡ್ಡೆಗೂ ಇಂಥ ಗುಣವುಂಟು. ಮದ್ದನ್ನು ಮೊದಲು ಹೆಪ್ಪುಗಟ್ಟಿಸಿ, ಸುತ್ತಲಿನ ಗಾಳಿಯನ್ನು ಯಂತ್ರದಿಂದ ಹೊರಗೆಳೆದು, ಹದವಾಗಿ ತುಸು ಕಾವು ಕೊಟ್ಟರೆ, ಅದರೊಳಗಿನ ಮಂಜು ನೀರಾಗದೆಯೇ ಆವಿಯಾಗಿ ಹೊರಟುಹೋಗುವುದು. ಸೀಸೆಯ ತಳದಲ್ಲಿ ಹಗುರವಾದ ಒಣ ಬಿಲ್ಲೆಯೊಂದು ಉಳಿಯುವುದು. ಜರ್ಮನಿಯ ಆಲ್ಟ್‌ಮನ್ ಎಂಬ ವಿದ್ವಾಂಸರು 1890ರಷ್ಟು ಹಿಂದೆಯೇ, ಜೀವಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವುದಕ್ಕಾಗಿ ಅಂಗಾಂಶಗಳನ್ನು ಈ ರೀತಿಯಲ್ಲಿ ಒಣಗಿಸಿದ್ದರು.

ಈ ವಿದ್ಯೆಯಿಂದ ಲೋಕಕ್ಕಾದ ಉಪಕಾರವು ಸಾಮಾನ್ಯವಾದುದಲ್ಲ. ಸಿಡುಬಿನ ದ್ರವಲಸಿಕೆಯು ಬಿಸಿಲ ನಾಡುಗಳಲ್ಲಿ ಕೆಲವೇ ದಿನಗಳಲ್ಲಿ ನಿರರ್ಥಕವಾಗುತ್ತಿತ್ತು. 1950ರ ದಶಕದಲ್ಲಿ ಇಂಗ್ಲೆಂಡಿನ ಲಿಸ್ಟರ್ ಸಂಸ್ಥೆಯ ಲೆಸ್ಲಿ ಕೊಲಿಯರ್ ಅವರು ಪೆಪ್ಟೋನನ್ನು ಬೆರೆಸಿ ಸಿದ್ಧಗೊಳಿಸಿದ ಒಣ ಲಸಿಕೆಯು 37 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ತಿಂಗಳಿಟ್ಟರೂ ಕೆಡಲಿಲ್ಲ. ನಮ್ಮ ದೇಶದಲ್ಲಿ ಇಂಥ ಲಸಿಕೆಯನ್ನು ತಯಾರಿಸಿದ ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಮಂಜುಗಡ್ಡೆಯನ್ನೇ ಕಾಣದ ಹಳ್ಳಿಗಳಿಗೂ ಮದ್ದು ತಲುಪಿತು. 1975ರಲ್ಲಿ ಭಾರತವನ್ನು ಬಿಟ್ಟ ಸಿಡುಬು, 1980ರಲ್ಲಿ ಲೋಕದಿಂದಲೇ ತೊಲಗಿತೆಂದು ಸಾರಲಾಯಿತು. ಹಿರಿಯರ ತೋಳಿನ ಮೇಲಿನ ದಾಕಿನ ಗುರುತೇ ಇದಕ್ಕೆ ಸಾಕ್ಷಿ.

ಇನ್ನು ತಾಯಂದಿರಿಗೆ ನಮ್ಮದೊಂದು ಬಿನ್ನಹ. ದಡಾರ-ರುಬೆಲ್ಲಾ ಲಸಿಕೆಯೂ ಹೀಗೆಯೇ ಒಣಗಿಸಿದ ಮದ್ದು. ಚುಚ್ಚುವ ಮುನ್ನ ದಾದಿಯು ಅದಕ್ಕೆಂದೇ ಬಂದಿರುವ ದ್ರವವನ್ನು ಬೆರೆಸುವಳು. ನೀರು ಸೇರಿದೊಡನೆ ಒಣಮದ್ದಿನ ಬಾಳಿಕೆಯು ಮುಗಿಯಿತು: ಸತ್ತ್ವವು ಇಳಿಯತೊಡಗುವುದಲ್ಲದೆ, ಹೊರಗಿನಿಂದ ಬಿದ್ದ ರೋಗಾಣುಗಳು ಅದರಲ್ಲಿ ಬೆಳೆಯಬಲ್ಲವು. ಆದುದರಿಂದ ನಾಲ್ಕು ಗಂಟೆ ಕಳೆದ ಮೇಲೆ ಮಿಕ್ಕುದನ್ನು ಬಳಸಕೂಡದೆಂಬುದು ನಮ್ಮ ದೇಶದ ನಿಯಮ. 2017ರಲ್ಲಿ ದಕ್ಷಿಣ ಸುಡಾನಿನ ಹಳ್ಳಿಯೊಂದರಲ್ಲಿ ದಡಾರದ ಲಸಿಕೆಯನ್ನು ತಂಪಿನಲ್ಲಿಡದೆ, ಮದ್ದು ಬೆರೆಸಲು ಒಂದೇ ಸಿರಿಂಜನ್ನು ನಾಲ್ಕು ದಿನ ಬಳಸಿದುದರಿಂದ 15 ಮಕ್ಕಳು ಮಡಿದರು.

ಹೊತ್ತು ಮೀರಿ ಹೋದ ತಾಯಿಗೆ ದಾದಿಯು, "ಈ ಸೀಸೆಯದು ಆಗದು, ಅಮ್ಮಾ, ಮುಂದಿನ ಸಲ ಬನ್ನಿ" ಎಂದರೆ ಮುನಿಯಬೇಡಿ, ಮಿಕ್ಕುದನ್ನೇ ಹಾಕೆಂದು ಒತ್ತಾಯಿಸಲೂ ಬೇಡಿ. ಹೇಳಿದ ದಿನ ತಪ್ಪದೆ, ಹೊತ್ತಿಗೆ ಸರಿಯಾಗಿ ಮಗುವನ್ನು ಕರೆದೊಯ್ಯಿರಿ. ಅಡುಗೆಮನೆಯಲ್ಲಿ ಮಿಕ್ಕುದನ್ನು ಉಳಿಸುವುದು ಜಾಣತನ. ಮದ್ದಿನ ಸೀಸೆಯಲ್ಲಿ ಮಿಕ್ಕುದನ್ನು ಚೆಲ್ಲುವುದೇ ಜಾಣತನ.