ಗರ್ಭ ಉಳಿಸುವ ಗುಳಿಗೆಗಿಂತ ಮೊದಲು ಸ್ಕ್ಯಾನ್ ಆಗಲಿ



ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಬಸುರಿಯರಿಗೆ 'ಗರ್ಭ ನಿಲ್ಲಲಿ' ಎಂದು ಹಾರ್ಮೋನ್ ಗುಳಿಗೆ, ಇಂಜೆಕ್ಷನ್ ಬರೆಯುವುದು ವಾಡಿಕೆಯಾಗಿಬಿಟ್ಟಿದೆ. ರಕ್ತಸ್ರಾವ ಇಲ್ಲದವರಿಗೂ, ಹಿಂದೆ ಒಮ್ಮೆಯೂ ಗರ್ಭಪಾತ ಆಗದವರಿಗೂ ಪ್ರೊಜೆಸ್ಟರಾನ್ ಎಂಬ ಈ ಹಾರ್ಮೋನ್ ಬರೆದ ಚೀಟಿಗಳು ವಾಡಿಯ ನನ್ನ ಔಷಧ ಅಂಗಡಿಗೆ ಬರುತ್ತಲೇ ಇರುತ್ತವೆ. ಹತ್ತು ಗುಳಿಗೆಯ ಪಟ್ಟಿಗೆ ನೂರಾರು ರೂಪಾಯಿ. ಸೊಸೆಯನ್ನು ಕರೆತಂದ ಅತ್ತೆ ಸೆರಗಿನ ಗಂಟು ಬಿಚ್ಚಿ ಹಣ ಎಣಿಸಿ, "ಪೂರಾ ಪಟ್ಟಿ ಬ್ಯಾಡ್ರಿ, ನಾಕೇ ಕೊಡ್ರಿ. ಇವು ತಗೊಂಡ್ರ ಗರ್ಭ ನಿಂದರ್ತದಲ್ರಿ?" ಎಂದು ಕೇಳುತ್ತಾಳೆ. ನಿಲ್ಲುತ್ತದೆ ಎಂದು ಭರವಸೆ ಕೊಡಲು ಯಾವ ಆಧಾರವೂ ಇಲ್ಲ.

ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಅದನ್ನು ಯಾವ ಹಾರ್ಮೋನೂ ಸರಿಪಡಿಸದು. ಬ್ರಿಟನ್ನಿನಲ್ಲಿ ರಕ್ತಸ್ರಾವ ಕಂಡ 4,153 ಗರ್ಭಿಣಿಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ 'ಪ್ರಿಸಂ' ಅಧ್ಯಯನದಲ್ಲಿ, ಪ್ರೊಜೆಸ್ಟರಾನ್ ಪಡೆದವರಲ್ಲಿ ಶೇ 75, ಪಡೆಯದವರಲ್ಲಿ ಶೇ 72 ಮಂದಿಗೆ ಜೀವಂತ ಮಗು ಹುಟ್ಟಿತು. ಈ ಅಂತರವನ್ನು ಔಷಧದ ಫಲವೆಂದು ಖಚಿತವಾಗಿ ಹೇಳುವಂತಿಲ್ಲ. ಆದರೆ ಹಿಂದೆ ಮೂರು ಅಥವಾ ಹೆಚ್ಚು ಬಾರಿ ಗರ್ಭಪಾತವಾಗಿದ್ದವರಲ್ಲಿ ಇದೇ ಲೆಕ್ಕ ಶೇ 72 ಮತ್ತು ಶೇ 57. ಹಾಗಾಗಿ ಈ ಔಷಧ ಬೇಡವೇ ಬೇಡ ಎಂಬುದು ನನ್ನ ವಾದವಲ್ಲ, ಬೇಕಾದವರಿಗೆ ಸಿಗಲಿ. 2021ರಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯೂ ಹಾಗೆಯೇ ಹೇಳಿತು: ಈಗ ರಕ್ತಸ್ರಾವವಿದ್ದು, ಹಿಂದೆ ಗರ್ಭಪಾತವಾಗಿದ್ದು, ಗರ್ಭ ಗರ್ಭಕೋಶದೊಳಗೇ ಇದೆ ಎಂದು ಸ್ಕ್ಯಾನಿನಲ್ಲಿ ಖಚಿತವಾದವರಿಗೆ ಕೊಡಬಹುದು.

ಆ ಸ್ಕ್ಯಾನ್ ಮಾತೇ ಮುಖ್ಯ. ಗರ್ಭ ಗರ್ಭಕೋಶದ ಬದಲು ಅಂಡನಾಳದಲ್ಲಿ ಕಟ್ಟಿದ್ದರೂ ಹೊಟ್ಟೆನೋವು, ರಕ್ತಸ್ರಾವ ಕಾಣಿಸುತ್ತವೆ. ಗುಳಿಗೆ ನುಂಗಿ ಮನೆಯಲ್ಲಿ ಮಲಗಿದರೆ ನಾಳ ಒಡೆದು ತಾಯಿಯ ಜೀವಕ್ಕೇ ಅಪಾಯ.

ಆಧಾರವಿಲ್ಲದೆ ಹಾರ್ಮೋನ್ ಕೊಟ್ಟು ಜಗತ್ತು ಒಮ್ಮೆ ದೊಡ್ಡ ಬೆಲೆ ತೆತ್ತಿದೆ. ಗರ್ಭಪಾತ ತಡೆಯಲೆಂದು ಅಮೆರಿಕದಲ್ಲಿ ಲಕ್ಷಾಂತರ ಮಹಿಳೆಯರಿಗೆ 'ಡಿಇಎಸ್' ಎಂಬ ಕೃತಕ ಈಸ್ಟ್ರೋಜನ್ ಕೊಟ್ಟರು. ಅದರಿಂದ ಉಪಯೋಗವಿಲ್ಲ ಎಂದು 1953ರಲ್ಲೇ ಷಿಕಾಗೋ ಅಧ್ಯಯನ ತೋರಿಸಿದರೂ ನಿಲ್ಲಿಸಲಿಲ್ಲ. ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿದ್ದು 1971ರಲ್ಲಿ ಬಯಲಾಯಿತು. ಪ್ರೊಜೆಸ್ಟರಾನ್ ಡಿಇಎಸ್‌ನಂಥದ್ದಲ್ಲ ನಿಜ. ಆದರೆ 'ಕೊಟ್ಟರೆ ನಷ್ಟವೇನು' ಎಂಬ ಮಾತು ಅಂದೂ ಇತ್ತು, ಇಂದೂ ಇದೆ.

ಕಲಬುರಗಿ ಜಿಲ್ಲಾ ಆರೋಗ್ಯ ಇಲಾಖೆಗೆ ನನ್ನ ಒತ್ತಾಯ ಇಷ್ಟು. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತಸ್ರಾವವೆಂದು ಬಂದ ಗರ್ಭಿಣಿಗೆ ಅದೇ ದಿನ ಉಚಿತ ಸ್ಕ್ಯಾನ್ ಆಗಬೇಕು. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ತಾಂಡಾದ ಹೆಣ್ಣುಮಗಳು ಸ್ಕ್ಯಾನಿಗಾಗಿ ಕಲಬುರಗಿಗೆ ಬಂದು ಹೋದರೆ ಬಸ್ ಚಾರ್ಜಿನ ಜೊತೆಗೆ ಆ ದಿನದ ಕೂಲಿಯೂ ಹೋಗುತ್ತದೆ. ಹಿಂದಿನ ಗರ್ಭಪಾತಗಳ ವಿವರವನ್ನು ತಾಯಿ ಕಾರ್ಡಿನಲ್ಲಿ ತಪ್ಪದೆ ಬರೆಯಬೇಕು. ಔಷಧ ಬೇಕಾದವರಿಗೆ ಅದು ಆಸ್ಪತ್ರೆಯಲ್ಲೇ ಪುಕ್ಕಟೆ ಸಿಗಬೇಕು. ಉಳಿದವರ ಚೀಟಿಯಲ್ಲಿ ಅದನ್ನು ಬರೆಯುವುದು ನಿಲ್ಲಬೇಕು; ಆ ದುಡ್ಡಿನಲ್ಲಿ ಬಸುರಿಗೆ ಹಾಲು, ತತ್ತಿ, ಕಾಯಿಪಲ್ಲೆ ಬರುತ್ತವೆ.

– ಔಷಧ ವ್ಯಾಪಾರಿ, ವಾಡಿ, ಚಿತ್ತಾಪುರ ತಾಲ್ಲೂಕು