ಕಪ್ಪು ಕೋಟಿನ ಕೂಲಿ

ವಕೀಲನ ಸಂಪಾದನೆಗೆ ಮಿತಿಯೇ ಇಲ್ಲ ಅಂತಾರೆ. ನಿಜ. ಮೇಲಕ್ಕೂ ಮಿತಿ ಇಲ್ಲ, ಕೆಳಕ್ಕೂ ಇಲ್ಲ. ಒಂದು ವಾಯಿದೆಗೆ ಲಕ್ಷ ಎಣಿಸುವವನೂ ವಕೀಲನೇ, ಸೀನಿಯರ್ ಕೊಟ್ಟ ಬಸ್ ಚಾರ್ಜಿನಲ್ಲಿ ತಿಂಗಳು ನೂಕುವವನೂ ವಕೀಲನೇ. ಯಾಕ್ರೀ ಹಿಂಗೆ ಅಂದರೆ, 'ಪ್ರತಿಭೆ' ಅನ್ನುತ್ತಾರೆ ದೊಡ್ಡವರು.

ಹಾಗಾದರೆ ಬಾಬಾಸಾಹೇಬರಿಗೆ ಏನು ಕಮ್ಮಿಯಾಗಿತ್ತು ಸ್ವಾಮಿ? ಕೊಲಂಬಿಯಾದಲ್ಲಿ ಓದಿ, ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದವರು. ಸನ್ನದಿಗೆ ಕಾಸಿಲ್ಲದೆ ಗೆಳೆಯರಿಂದ ಸಾಲ ಪಡೆದು 1923ರಲ್ಲಿ ಮುಂಬಯಿಯಲ್ಲಿ ವಕೀಲಿಕೆ ಶುರು ಮಾಡಿದರು. ಅಲ್ಲಿ ಬ್ಯಾರಿಸ್ಟರಿಗೆ ಕೇಸು ಬರುತ್ತಿದ್ದುದು ಸಾಲಿಸಿಟರುಗಳ ಕೈಯಿಂದ. ಅವರು ಅಸ್ಪೃಶ್ಯನಿಗೆ ಫೈಲು ಮುಟ್ಟಿಸಲಿಲ್ಲ. ಜಿಲ್ಲೆಗಳ ಚಿಲ್ಲರೆ ಕೇಸು ಹಿಡಿದು, 1925ರಿಂದ ಬಾಟ್ಲಿಬಾಯ್ ಸಂಸ್ಥೆಯಲ್ಲಿ ಪಾಠ ಹೇಳಿ ಸಂಸಾರ ತೂಗಿಸಿದರು.

ಇವತ್ತು ಆ ಸಾಲಿಸಿಟರ್ ಜಾಗದಲ್ಲಿ ಅಪ್ಪನ ಆಫೀಸು, ಮಾವನ ಕಕ್ಷಿದಾರರು, ಜಾತಿ ಸಂಘದ ಯಜಮಾನರು ಕೂತಿದ್ದಾರೆ. ನಮ್ಮ ಕೇರಿಯ ಹುಡುಗನ ಬಳಿ ಬರೋರು ಯಾರು? ಕೂಲಿ ಬಾಕಿಯವರು, ಒದೆ ತಿಂದವರು, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಡಿ ಕಳಕೊಂಡ ಮಂಜೂರಿ ಜಮೀನು ಬಿಡಿಸಿಕೊಡಿ ಅನ್ನೋರು. ಅವರ ಹತ್ತಿರ ಫೀಸು ಹೆಂಗೆ ಕೇಳೋದು? ಕಕ್ಷಿದಾರನ ಬಡತನವೇ ವಕೀಲನ ಸಂಬಳ.

ಬಾಗಿಲಲ್ಲೇ ಸುಲಿಗೆ ಬೇರೆ. 1961ರ ವಕೀಲರ ಕಾಯ್ದೆ ಹೇಳಿದ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125. ರಾಜ್ಯಗಳ ವಕೀಲರ ಪರಿಷತ್ತುಗಳು ನಾನಾ ಹೆಸರಲ್ಲಿ ಸಾವಿರ ಸಾವಿರ ಕಿತ್ತವು. ಇದು ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಹೇಳಿತು. ಆದರೆ ಅದುವರೆಗೆ ಇಸಕೊಂಡದ್ದನ್ನು ವಾಪಸು ಕೊಡಬೇಕಿಲ್ಲ ಅಂತಲೂ ಹೇಳಿತು! ಅದೇ ವರ್ಷ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ಜೂನಿಯರುಗಳಿಗೆ ಪಟ್ಟಣದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ಸ್ಟೈಪೆಂಡು ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಅದು ಬರೀ ಸಲಹೆ. ಸಲಹೆ ಬೇಯಿಸಿದರೆ ಅನ್ನ ಆಗುತ್ತಾ?

ಗೆಳೆಯರೇ, ಇದು ನಾಲ್ಕು ಜನ ವಕೀಲರ ಹೊಟ್ಟೆಪಾಡು ಅಂದುಕೊಳ್ಳಬೇಡಿ. ಸಂಪಾದನೆ ಇಲ್ಲದೆ ಐದಾರು ವರ್ಷ ಕೋರ್ಟಿನ ಮೆಟ್ಟಿಲು ಸವೆಸಬಲ್ಲವನು ಯಾರು? ಮನೆಯಲ್ಲಿ ಅಕ್ಕಿ ಇದ್ದವನು. ನಾಳೆ ಸೀನಿಯರ್ ಆಗುವವನು ಅವನೇ. ಹೈಕೋರ್ಟಿನ ಪೀಠಕ್ಕೆ ಹೆಚ್ಚಿನವರನ್ನು ಆರಿಸುವುದು ಅಂಥ ವಕೀಲರಿಂದಲೇ. ಅಕ್ಕಿ ಇಲ್ಲದವನು ಕೋಟು ಮಡಚಿಟ್ಟು ಊರಿಗೆ ಹೋಗುತ್ತಾನೆ. ಆಮೇಲೆ ನಮ್ಮ ಮೇಲಿನ ದೌರ್ಜನ್ಯದ ಕೇಸಿನಲ್ಲಿ ವಾದಿಸುವವರೂ ಅವರೇ, ತೀರ್ಪು ಬರೆಯುವವರೂ ಅವರೇ.

ಸ್ಟೈಪೆಂಡಿಗೆ ಕಾಯ್ದೆ ಮಾಡಿ. ಸರ್ಕಾರದ, ಬ್ಯಾಂಕುಗಳ, ನಿಗಮಗಳ ಕೇಸು ಯಾರ್ಯಾರ ಕೈಯಲ್ಲಿವೆ, ಪಟ್ಟಿಯನ್ನು ಜಾತಿವಾರು ಬಿಚ್ಚಿಡಿ. ಪ್ರತಿಭೆಯ ಮಾತು ಆಮೇಲೆ ಆಡೋಣ.