ಡಬ್ಬಿ ಸಾಲ್ಮನ್‌ಗೆ ನಮ್ಮ ತೆಂಗಿನ ಜೊತೆ



ಗಲ್ಫ್‌ನಿಂದ ರಜೆಯಲ್ಲಿ ಬಂದ ಮಗನೋ ಅಳಿಯನೋ ಮೈದುನನೋ ಸೂಟ್‌ಕೇಸ್ ಬಿಚ್ಚಿದಾಗ ಖರ್ಜೂರ, ಹಾಲಿನ ಪುಡಿ, ಸೋಪುಗಳ ನಡುವೆ ಒಂದೆರಡು ಮೀನಿನ ಡಬ್ಬಿಗಳೂ ಹೊರಬರುವುದುಂಟು. ಹೆಚ್ಚಾಗಿ ಅದು ಟ್ಯೂನಾ, ಕೆಲವೊಮ್ಮೆ ಸಾಲ್ಮನ್. ಖರ್ಜೂರ ನೆರೆಹೊರೆಗೆ ಹಂಚಿ ಮುಗಿಯುತ್ತದೆ. ಹಾಲಿನ ಪುಡಿ ಚಹಾಕ್ಕೆ ಖರ್ಚಾಗುತ್ತದೆ. ಮೀನಿನ ಡಬ್ಬಿ ಮಾತ್ರ ಶೋಕೇಸ್‌ನಲ್ಲಿ ಕುಳಿತುಬಿಡುತ್ತದೆ. ನೆಂಟರು ಬಂದಾಗ ತೆರೆಯೋಣ ಎಂಬ ಲೆಕ್ಕಾಚಾರ ಒಂದು ಕಡೆ, ಇದನ್ನು ಹೇಗೆ ಮಾಡುವುದೋ ಎಂಬ ಅಳುಕು ಇನ್ನೊಂದು ಕಡೆ. ಕೊನೆಗೆ ಡಬ್ಬಿಯ ಮೇಲಿನ ದಿನಾಂಕ ಮುಗಿದು ಅದು ಕಸಕ್ಕೆ ಹೋಗುತ್ತದೆ. ಮನೆಯವರನ್ನು ಬಿಟ್ಟು ದೂರದಲ್ಲಿ ದುಡಿಯುವವನ ಬೆವರಿನ ಹಣ ಅದು. ದುಂದುಗಾರಿಕೆ ಎಂದರೆ ಅತಿಯಾಗಿ ಖರ್ಚು ಮಾಡುವುದಷ್ಟೇ ಅಲ್ಲ, ಇರುವುದನ್ನು ಬಳಸದೆ ಕೆಡಿಸುವುದೂ ದುಂದುಗಾರಿಕೆಯೇ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಮ್ಮ ಸೀಮೆಗೆ ಸಮುದ್ರ ದೂರ. ಬಂಗುಡೆ, ಭೂತಾಯಿ ಘಟ್ಟ ಹತ್ತಿ ಬರಬೇಕು. ಕೆರೆ ತುಂಬಿದ ವರ್ಷ ಕಾಟ್ಲಾ, ರೋಹು ಸಿಗುತ್ತವೆ, ಇಲ್ಲದ ದಿನಗಳಿಗೆ ಒಣಮೀನು. ಆದರೆ ತೆಂಗಿನಕಾಯಿಗೆ ಮಾತ್ರ ಇಲ್ಲಿ ಬರವಿಲ್ಲ. ಡಬ್ಬಿ ಸಾಲ್ಮನ್‌ಗೆ ಒಪ್ಪುವ ಜೊತೆಯೂ ಈ ತೆಂಗೇ. ಹಾಗಾಗಿ ಈ ಬಾರಿ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಮಾಡಬಹುದಾದ ನಾಲ್ಕು ಅಡುಗೆಗಳನ್ನು ನೋಡೋಣ.

ಡಬ್ಬಿಯೊಳಗೆ ಏನಿದೆ?

ಸಾಲ್ಮನ್ ತಣ್ಣೀರಿನ ಮೀನು. ನದಿಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ಮತ್ತೆ ನದಿಗೇ ಮರಳುತ್ತದೆ. ಡಬ್ಬಿಗೆ ತುಂಬುವ ಸಾಲ್ಮನ್‌ಗೆ ಅಮೆರಿಕದ ಅಲಾಸ್ಕ ಹೆಸರುವಾಸಿ. ಕೆಂಪು ಸಾಲ್ಮನ್ ಬೆಲೆ ಹೆಚ್ಚು, ಗುಲಾಬಿ ಬಣ್ಣದ ಪಿಂಕ್ ಸಾಲ್ಮನ್ ಬೆಲೆ ಕಡಿಮೆ. ನಮ್ಮ ಸಾಲನ್, ಕಟ್ಲೆಟ್‌ಗಳಿಗೆ ಪಿಂಕ್ ಧಾರಾಳ ಸಾಕು. ನಮ್ಮ ದೇಶದ ಪೇಟೆಗಳಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವ ರಾವಸ್ ಮೀನೇ ಬೇರೆ, ಅದು ಈ ಜಾತಿಯದಲ್ಲ.

ಡಬ್ಬಿಯಲ್ಲಿರುವ ಮೀನು ಹಸಿಯಲ್ಲ, ಪೂರ್ತಿ ಬೆಂದದ್ದು. ಮೀನಿನ ತುಂಡಿಗೆ ಉಪ್ಪು ಹಾಕಿ, ಡಬ್ಬಿಯ ಬಾಯಿ ಮುಚ್ಚಿ, ನಮ್ಮ ಪ್ರೆಶರ್ ಕುಕ್ಕರ್‌ನಂತಹ ದೊಡ್ಡ ಪಾತ್ರೆಯಲ್ಲಿ ಸುಮಾರು 120 ಡಿಗ್ರಿ ಶಾಖದಲ್ಲಿ ಒಂದು ಗಂಟೆಗೂ ಮಿಕ್ಕಿ ಬೇಯಿಸುತ್ತಾರೆ. ಒಳಗಿನ ರೋಗಾಣುಗಳು ಸಾಯುತ್ತವೆ, ಹೊರಗಿನವು ಒಳಗೆ ಬರಲಾರವು. ಆದ್ದರಿಂದಲೇ ಅದು ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಆಹಾರವನ್ನು ಹೀಗೆ ಮುಚ್ಚಿ ಕಾಯಿಸಿ ಇಡುವ ವಿಧಾನವನ್ನು 1810ರಲ್ಲಿ ಫ್ರಾನ್ಸಿನ ನಿಕೊಲಾ ಅಪೆರ್ ಪುಸ್ತಕ ಬರೆದು ಜಗತ್ತಿಗೆ ತಿಳಿಸಿದರು. ಅವರು ಬಳಸಿದ್ದು ಗಾಜಿನ ಸೀಸೆ. ತಗಡಿನ ಡಬ್ಬಿ ಅದೇ ವರ್ಷ ಇಂಗ್ಲೆಂಡಿನಲ್ಲಿ ಬಂತು. ನಮ್ಮವರು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಟ್ಟು, ಒಳಗಿನ ನೀರು ಇಂಗಿದ ಮೇಲೆ ಉಂಡೆ ಕೊಬ್ಬರಿ ತೆಗೆಯುತ್ತಾರಲ್ಲ? ಅಲ್ಲಿ ನೀರು ಇಂಗಿದ್ದರಿಂದ ಕಾಯಿ ಕೆಡುವುದಿಲ್ಲ. ಇಲ್ಲಿ ಶಾಖ ಮತ್ತು ಬಿಗಿಯಾದ ಮುಚ್ಚಳದಿಂದ ಮೀನು ಕೆಡುವುದಿಲ್ಲ.

ಹಲಾಲ್ ಕುರಿತು ಕೆಲವರಿಗೆ ಸಂಶಯ ಇರಬಹುದು. ಸಮುದ್ರದ ಬೇಟೆಯನ್ನು ಪವಿತ್ರ ಕುರ್‌ಆನ್ ಅನುಮತಿಸಿದೆ (ಅಲ್ ಮಾಇದ: 96). ಮೀನಿಗೆ ಝಬಹ್‌ನ ಅಗತ್ಯವಿಲ್ಲ. ಆದರೆ ಸಾಸ್ ಬೆರೆಸಿದ ಡಬ್ಬಿಗಳಲ್ಲಿ ವೈನ್ ಮುಂತಾದವು ಸೇರಿರಬಹುದು. ಮೇಲಿನ ಚೀಟಿಯನ್ನು ಓದಿ. ಮೀನು ಮತ್ತು ಉಪ್ಪು ಮಾತ್ರ ಇರುವ ಡಬ್ಬಿ ಎಲ್ಲಕ್ಕಿಂತ ಒಳ್ಳೆಯದು.

ಮುಳ್ಳನ್ನು ಎಸೆಯಬೇಡಿ

ಡಬ್ಬಿ ತೆರೆದಾಗ ಮೀನಿನ ಜೊತೆ ಚರ್ಮವೂ ಬೆನ್ನುಮೂಳೆಯ ತುಣುಕುಗಳೂ ಕಾಣುತ್ತವೆ. ಅನೇಕರು ಅವನ್ನು ಆರಿಸಿ ಎಸೆಯುತ್ತಾರೆ. ಅಷ್ಟು ಹೊತ್ತು ಬೆಂದ ಮೂಳೆ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ಗಂಟಲಿಗೆ ಸಿಕ್ಕುವುದಿಲ್ಲ. ಚೆನ್ನಾಗಿ ಹಿಸುಕಿ ಮೀನಿಗೇ ಬೆರೆಸಿದರೆ ಹಲ್ಲಿಲ್ಲದ ಅಜ್ಜಿಯೂ ಮುಳ್ಳಿಗೆ ಹೆದರುವ ಮಗುವೂ ತಿನ್ನಬಹುದು. ಮೂಳೆ ಸಮೇತ 100 ಗ್ರಾಂ ಡಬ್ಬಿ ಸಾಲ್ಮನ್‌ನಲ್ಲಿ ಸುಮಾರು 20 ಗ್ರಾಂ ಪ್ರೋಟೀನ್, 200ಕ್ಕೂ ಹೆಚ್ಚು ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಮೂಳೆ ಎಸೆದರೆ ಕ್ಯಾಲ್ಸಿಯಂನ ಬಹುಪಾಲು ಹೋಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಸೂಚಿಸಿದಂತೆ ವಯಸ್ಕ ಮಹಿಳೆಗೆ ದಿನಕ್ಕೆ 1000 ಮಿ.ಗ್ರಾಂ, ಹಾಲುಣಿಸುವ ತಾಯಿಗೆ 1200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು.

ರಾಗಿ ಮುದ್ದೆ ತಿನ್ನುವ ನಮಗೆ ಕ್ಯಾಲ್ಸಿಯಂ ಕೊರತೆಯೇ ಎಂದು ನೀವು ಕೇಳಬಹುದು. ರಾಗಿಯಲ್ಲಿ ಕ್ಯಾಲ್ಸಿಯಂ ನಿಜವಾಗಿಯೂ ಸಮೃದ್ಧವಾಗಿದೆ. ಆದರೆ ಅದನ್ನು ದೇಹ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಬಿಸಿಲಿನಿಂದ ಅದು ಸಿಗುತ್ತದೆ. ದಿನದ ಬಹುಪಾಲು ಒಳಗೇ ಕಳೆಯುವ, ಹೊರಗೆ ಹೋದಾಗ ಮೈತುಂಬ ಉಡುವ ಮಹಿಳೆಯರಿಗೆ ಬಿಸಿಲು ತಾಗುವುದು ಕಡಿಮೆ. ವಿಟಮಿನ್ ಡಿ ಇರುವ ಆಹಾರಗಳು ಬಹಳ ಇಲ್ಲ. ಸಾಲ್ಮನ್, ಭೂತಾಯಿಯಂತಹ ಕೊಬ್ಬಿನ ಮೀನುಗಳು ಅವುಗಳಲ್ಲಿ ಮುಖ್ಯ. ಹಾಗಾಗಿ ಮುದ್ದೆಗೆ ಈ ಮೀನಿನ ಸಾಲನ್ ಎಂದರೆ ಬಾಯಿಗೂ ರುಚಿ, ಮೂಳೆಗೂ ಬಲ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ಡಬ್ಬಿ ತೆರೆದ ದಿನ ಅದು ಯಾರ ತಟ್ಟೆಗೆ ಹೋಗುತ್ತದೆ? ಮೊದಲು ಗಂಡಸರಿಗೆ, ಆಮೇಲೆ ಮಕ್ಕಳಿಗೆ, ಅದರಲ್ಲೂ ಗಂಡುಮಕ್ಕಳಿಗೆ. ಬಡಿಸಿದವಳಿಗೆ ಉಳಿಯುವುದು ಪಾತ್ರೆಯ ತಳದ ಮಸಾಲೆ. ಮೂಳೆ ಸವೆತದ ನೋವು ಮುಂದೆ ಹೆಚ್ಚಾಗಿ ಕಾಡುವುದು ಅವಳನ್ನೇ. ಬೆಳೆಯುವ ಹೆಣ್ಣುಮಗಳು, ಬಸುರಿ ಸೊಸೆ, ಬಾಣಂತಿ, ಮುಟ್ಟು ನಿಂತ ಅತ್ತೆ ಇವರ ಪಾಲನ್ನು ಮೊದಲೇ ತೆಗೆದಿಡಿ. ನಿಮ್ಮ ಪಾಲನ್ನೂ ತೆಗೆದಿಡಿ. ಇದು ಸ್ವಾರ್ಥವಲ್ಲ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ.

ಈಗ ಅಡುಗೆಗೆ ಬರೋಣ. ಎಲ್ಲ ಅಳತೆಯೂ 213 ಗ್ರಾಂನ ಒಂದು ಚಿಕ್ಕ ಡಬ್ಬಿಗೆ. ಮೂರು ನಾಲ್ಕು ಜನರಿಗೆ ಸಾಕು. ಮೀನಿನಲ್ಲಿ ಉಪ್ಪು ಇರುವುದರಿಂದ ಎಲ್ಲದಕ್ಕೂ ಕೊನೆಯಲ್ಲಿ ರುಚಿ ನೋಡಿ ಉಪ್ಪು ಹಾಕಿ.

1. ತೆಂಗಿನ ತುರಿಯ ಪಲ್ಯ

ಬೇಕಾಗುವ ಸಾಮಗ್ರಿ: ಸಾಲ್ಮನ್ 1 ಡಬ್ಬಿ, ಈರುಳ್ಳಿ 2, ಹಸಿಮೆಣಸಿನಕಾಯಿ 3, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 1 ಚಮಚ, ಅರಿಶಿನ ಕಾಲು ಚಮಚ, ಧನಿಯ ಪುಡಿ 1 ಚಮಚ, ತೆಂಗಿನ ತುರಿ ಅರ್ಧ ಬಟ್ಟಲು, ಸಾಸಿವೆ, ಕರಿಬೇವು, ಕೊತ್ತಂಬರಿ ಸೊಪ್ಪು, ನಿಂಬೆ ಅರ್ಧ ಹೋಳು, ಎಣ್ಣೆ 2 ಚಮಚ.

ಮಾಡುವ ವಿಧಾನ: ಡಬ್ಬಿಯ ನೀರು ಬಸಿದು ಮೀನನ್ನು ಮೂಳೆ ಸಮೇತ ಹಿಸುಕಿ ಇಡಿ. ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಕರಿಬೇವು, ಹಸಿಮೆಣಸು, ಈರುಳ್ಳಿ ಹಾಕಿ ಬಾಡಿಸಿ. ಶುಂಠಿ-ಬೆಳ್ಳುಳ್ಳಿಯ ಹಸಿ ವಾಸನೆ ಹೋದ ಮೇಲೆ ಅರಿಶಿನ, ಧನಿಯ ಹಾಕಿ. ಈಗ ಮೀನು, ತೆಂಗಿನ ತುರಿ ಸೇರಿಸಿ ಸಣ್ಣ ಉರಿಯಲ್ಲಿ ಐದು ನಿಮಿಷ ಹುರಿಯಿರಿ. ಇಳಿಸಿ ನಿಂಬೆ ರಸ, ಕೊತ್ತಂಬರಿ ಹಾಕಿ. ಚಪಾತಿಯಲ್ಲಿ ಸುತ್ತಿ ಮಕ್ಕಳಿಗೆ ಸಂಜೆ ಕೊಡಬಹುದು.

2. ತೆಂಗಿನ ಹಾಲಿನ ಸಾಲನ್

ಬೇಕಾಗುವ ಸಾಮಗ್ರಿ: ಸಾಲ್ಮನ್ 1 ಡಬ್ಬಿ, ಅರ್ಧ ತೆಂಗಿನಕಾಯಿಯ ಗಟ್ಟಿ ಹಾಲು 1 ಲೋಟ ಮತ್ತು ಎರಡನೇ ತೆಳು ಹಾಲು 1 ಲೋಟ, ಈರುಳ್ಳಿ 2, ಟೊಮೆಟೊ 2, ಖಾರದ ಪುಡಿ 2 ಚಮಚ, ಧನಿಯ ಪುಡಿ 2 ಚಮಚ, ಅರಿಶಿನ ಸ್ವಲ್ಪ, ಮೆಂತ್ಯ ಕಾಲು ಚಮಚ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 1 ಚಮಚ, ಅಡಿಕೆ ಗಾತ್ರದ ಹುಣಸೆಹಣ್ಣು, ಕರಿಬೇವು, ಎಣ್ಣೆ.

ಮಾಡುವ ವಿಧಾನ: ಎಣ್ಣೆಯಲ್ಲಿ ಮೆಂತ್ಯ, ಕರಿಬೇವು ಹಾಕಿ ಈರುಳ್ಳಿ ಕೆಂಪಗೆ ಹುರಿಯಿರಿ. ಶುಂಠಿ-ಬೆಳ್ಳುಳ್ಳಿ, ಪುಡಿಗಳು, ಟೊಮೆಟೊ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ. ತೆಳು ಹಾಲು, ಹುಣಸೆ ರಸ ಹಾಕಿ ಹತ್ತು ನಿಮಿಷ ಕುದಿಸಿ. ಕೊನೆಗೆ ಮೀನಿನ ತುಂಡುಗಳನ್ನು ಮೆಲ್ಲಗೆ ಇಳಿಸಿ ಗಟ್ಟಿ ಹಾಲು ಸುರಿದು, ಕುದಿ ಬರುವ ಮೊದಲೇ ಉರಿ ತಗ್ಗಿಸಿ ನಾಲ್ಕು ನಿಮಿಷ ಬಿಡಿ. ಸೌಟು ಹಾಕಿ ತಿರುವಿದರೆ ಬೆಂದ ಮೀನು ಪುಡಿಯಾಗುತ್ತದೆ. ಪಾತ್ರೆಯನ್ನೇ ಹಿಡಿದು ಅಲುಗಿಸಿ. ಮುದ್ದೆ, ಅನ್ನ ಎರಡಕ್ಕೂ ಚೆನ್ನ.

3. ಇಫ್ತಾರ್ ಕಟ್ಲೆಟ್

ಬೇಕಾಗುವ ಸಾಮಗ್ರಿ: ಸಾಲ್ಮನ್ 1 ಡಬ್ಬಿ, ಬೇಯಿಸಿದ ಆಲೂಗಡ್ಡೆ 3, ಸಣ್ಣಗೆ ಹೆಚ್ಚಿದ ಈರುಳ್ಳಿ 1, ಹಸಿಮೆಣಸಿನಕಾಯಿ 2, ಪುದೀನ ಒಂದು ಹಿಡಿ, ಕಾಳುಮೆಣಸಿನ ಪುಡಿ ಅರ್ಧ ಚಮಚ, ಮೊಟ್ಟೆ 1, ರಸ್ಕ್ ಪುಡಿ, ಎಣ್ಣೆ.

ಮಾಡುವ ವಿಧಾನ: ಮೀನಿನ ನೀರನ್ನು ಪೂರ್ತಿ ಬಸಿಯಿರಿ, ನೀರು ಉಳಿದರೆ ಕಟ್ಲೆಟ್ ಒಡೆಯುತ್ತದೆ. ಮೊಟ್ಟೆ, ರಸ್ಕ್, ಎಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಹಿಸುಕಿ ಕಲಸಿ ವಡೆಯಂತೆ ತಟ್ಟಿ. ಒಡೆದು ಕಲಕಿದ ಮೊಟ್ಟೆಯಲ್ಲಿ ಅದ್ದಿ, ರಸ್ಕ್ ಪುಡಿಯಲ್ಲಿ ಹೊರಳಿಸಿ, ತವಾದ ಮೇಲೆ ಸ್ವಲ್ಪ ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಕಾಯಿಸಿ. ಮಧ್ಯಾಹ್ನವೇ ತಟ್ಟಿ ಫ್ರಿಜ್‌ನಲ್ಲಿಟ್ಟರೆ ಮಗ್ರಿಬ್ ಹೊತ್ತಿಗೆ ಗಡಿಬಿಡಿ ಇರುವುದಿಲ್ಲ.

4. ಸೆಹ್ರಿಯ ಒಗ್ಗರಣೆ ಅನ್ನ

ಸೆಹ್ರಿಗೆ ಉಪ್ಪು ಹೆಚ್ಚಾದರೆ ಹಗಲೆಲ್ಲ ಬಾಯಾರಿಕೆ. ಆದ್ದರಿಂದ ಅರ್ಧ ಡಬ್ಬಿ ಮೀನನ್ನು ಜರಡಿಯಲ್ಲಿ ಹಾಕಿ ಒಮ್ಮೆ ನೀರು ಹರಿಸಿ. ಜೀರಿಗೆ, ಬೆಳ್ಳುಳ್ಳಿ, ಒಂದು ಈರುಳ್ಳಿ, ಕರಿಬೇವಿನ ಒಗ್ಗರಣೆಗೆ ಮೀನು ಹಾಕಿ ಎರಡು ನಿಮಿಷ ಹುರಿದು, ಎರಡು ಬಟ್ಟಲು ಅನ್ನ, ಎರಡು ಚಮಚ ತೆಂಗಿನ ತುರಿ ಬೆರೆಸಿ ಬಿಸಿ ಮಾಡಿ. ಹತ್ತು ನಿಮಿಷದ ಕೆಲಸ. ಜೊತೆಗೆ ಮೊಸರು ಇರಲಿ.

ಎಚ್ಚರಿಕೆಯ ಮಾತುಗಳು

ಉಬ್ಬಿದ, ಸೋರುವ, ತುಕ್ಕು ತಿಂದ, ಅಂಚಿನ ಬೆಸುಗೆಯ ಬಳಿ ಜಜ್ಜಿದ ಡಬ್ಬಿಯನ್ನು ಬಳಸಬೇಡಿ. ತೆರೆದಾಗ ಒಳಗಿನಿಂದ ಚಿಮ್ಮಿದರೂ ಹಾಗೆಯೇ ಎಸೆಯಿರಿ. ನಾಲಗೆ ತುದಿಗೂ ತಾಗಿಸಬೇಡಿ. ಗಾಳಿಯಿಲ್ಲದ ಕಡೆ ಬೆಳೆಯುವ ಒಂದು ಜಾತಿಯ ರೋಗಾಣು ಬಾಟುಲಿಸಮ್ ಎಂಬ ವಿಷಬಾಧೆ ತರುತ್ತದೆ. ಅದು ನರಗಳನ್ನು ಹಿಡಿದು ಪ್ರಾಣಕ್ಕೇ ಎರವಾಗಬಹುದು. ಕೆಲವೊಮ್ಮೆ ವಾಸನೆಯೂ ಬರುವುದಿಲ್ಲ. ಇದೇ ಕಾರಣಕ್ಕೆ ಮನೆಯಲ್ಲಿ ಸೀಸೆಗೆ ಮೀನು ತುಂಬಿ ಮುಚ್ಚಿಡುವ ಪ್ರಯೋಗ ಮಾಡಬೇಡಿ.

ತೆರೆದ ಮೀನನ್ನು ಡಬ್ಬಿಯಲ್ಲೇ ಬಿಡದೆ ಗಾಜಿನ ಅಥವಾ ಸ್ಟೀಲಿನ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಮೂರು ದಿನದೊಳಗೆ ಮುಗಿಸಿ. ಕರೆಂಟ್ ಪದೇ ಪದೇ ಹೋಗುವ ಊರಾದರೆ ಅದೇ ದಿನ ಮುಗಿಸಿ. ರಕ್ತದೊತ್ತಡ ಇರುವವರಿಗೆ ಮೀನನ್ನು ತೊಳೆದು ಮಾಡಿ. ಒಂದು ವರ್ಷದೊಳಗಿನ ಮಗುವಿಗೆ ಉಪ್ಪಿನ ಡಬ್ಬಿ ಮೀನು ಬೇಡ. ಬಸುರಿಯರು ದೊಡ್ಡ ಮೀನುಗಳಲ್ಲಿನ ಪಾದರಸದ ಬಗ್ಗೆ ಕೇಳಿರಬಹುದು. ಪಾದರಸ ಕಡಿಮೆ ಇರುವ ಮೀನುಗಳಲ್ಲಿ ಸಾಲ್ಮನ್, ಭೂತಾಯಿ ಎರಡೂ ಸೇರಿವೆ.

ಸಾಲ್ಮನ್ ಇಲ್ಲದವರು ಅದಕ್ಕಾಗಿ ದುಬಾರಿ ಹಣ ತೆರಬೇಕಿಲ್ಲ. ಟ್ಯೂನಾ ಡಬ್ಬಿಯಲ್ಲೂ ಈ ನಾಲ್ಕೂ ಅಡುಗೆ ಮಾಡಬಹುದು, ಆದರೆ ಅದರಲ್ಲಿ ಮೂಳೆ ಇರುವುದಿಲ್ಲ. ಭೂತಾಯಿ ಡಬ್ಬಿಯಲ್ಲಿ ಮೆತ್ತನೆಯ ಮೂಳೆಯೂ ಇರುತ್ತದೆ. ಹಸಿ ಭೂತಾಯಿ ಸಿಕ್ಕಿದರೆ ಕುಕ್ಕರ್‌ನಲ್ಲಿ ಹುಣಸೆ ರಸದೊಂದಿಗೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿ ನೋಡಿ. ಅದರ ಮುಳ್ಳೂ ಬಹಳಷ್ಟು ಮೆತ್ತಗಾಗುತ್ತದೆ.

ಈ ವಾರವೇ ಶೋಕೇಸ್‌ನ ಡಬ್ಬಿ ಇಳಿಸಿ ದಿನಾಂಕ ನೋಡಿ. ಮುಗಿದಿಲ್ಲವಾದರೆ ತೆರೆಯಿರಿ. ನೆಂಟರಿಗೆ ಕಾಯಬೇಡಿ, ಮನೆಯವರೂ ಅಲ್ಲಾಹನು ಕೊಟ್ಟ ಅತಿಥಿಗಳೇ. ಬಿಸ್ಮಿಲ್ಲಾಹ್ ಎಂದು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಿ. ಡಬ್ಬಿ ತಂದವನಿಗೆ ಫೋನ್ ಮಾಡಿ, ನೀನು ತಂದ ಮೀನಿನ ಸಾಲನ್ ಮಾಡಿದ್ದೆವು ಎಂದು ಹೇಳಿ. ಅವನ ಮನಸ್ಸು ತುಂಬುತ್ತದೆ.